ಭಾವಮೈದನಿಗೆ ಇಪ್ಪತ್ತು ಓವರು

ಟೈಲರ್ ಮಾಸ್ತರರು ಅಂಗಡಿಯಲ್ಲಿ ಬಟ್ಟೆ ಕತ್ತರಿಸಿದರೆ ಯಾರದೂ ತಕರಾರಿಲ್ಲ. ಕ್ರಿಕೆಟ್ ಕ್ಲಬ್ಬಿನ ಪಟ್ಟಿಯಲ್ಲಿ ಹೆಸರು ಕತ್ತರಿಸಿದರೆ ಮಾತ್ರ ಇಡೀ ಬೀದಿ ಮೈಮೇಲೆ ಬೀಳುತ್ತಿತ್ತು. ಹನ್ನೆರಡು ವರ್ಷಗಳಿಂದ ತಂಡ ಆರಿಸುವ ಕೆಲಸ ಅವರದು. ಎರಡು ದಿನದ ಪಂದ್ಯಕ್ಕೆ ಒಂದು ಪಟ್ಟಿ, ಇಪ್ಪತ್ತು ಓವರಿನದಕ್ಕೆ ಬೇರೆಯದೇ ಪಟ್ಟಿ. "ಕೋಟಿನ ಅಳತೆಗೆ ಚಡ್ಡಿ ಹೊಲಿಯಕ್ಕಾಗತ್ತಾ?" ಎನ್ನುತ್ತಿದ್ದರು.

ಅವರ ಹೆಂಡತಿಯ ತಮ್ಮ ಅಂಚೆ ಕಚೇರಿಯಲ್ಲಿ ಗುಮಾಸ್ತ. ಮೈದಾನದಲ್ಲಿ ಎಲ್ಲರಿಗೂ ಅವನು ಆಮೆ. ಎರಡು ದಿನದ ಪಂದ್ಯದಲ್ಲಿ ಅವನು ಗೂಟ ಹೊಡೆದಂತೆ ನಿಂತರೆ ಬೌಲರುಗಳೇ ಕೈಚೆಲ್ಲುತ್ತಿದ್ದರು. ಅಂಥವನು ಒಂದು ಸಂಜೆ ಅಂಗಡಿಗೆ ಬಂದ.

"ಭಾವ, ಭಾನುವಾರದ ಇಪ್ಪತ್ತು ಓವರಿಗೆ ನನ್ನನ್ನ ಹಾಕಿ."

"ತಲೆ ನೆಟ್ಟಗಿದೆಯೇನೋ?"

"ನಾನು ಮದುವೆಯಾಗೋ ಹುಡುಗಿ ಆಟ ನೋಡ್ಬೇಕಂತೆ. ಆಸ್ಪತ್ರೇಲಿ ನರ್ಸು. ಅವಳಿಗೆ ಬಿಡುವಿರೋದೇ ಮೂರು ಗಂಟೆ."

ಮಾಸ್ತರರು ಸುತರಾಂ ಒಪ್ಪಲಿಲ್ಲ. ಮನೆಗೆ ಹೋದರೆ ಹೆಂಡತಿ ಮಾತು ಬಿಟ್ಟಿದ್ದಳು. ಎರಡನೇ ದಿನ ಅವರೇ ಸೋತು, ಆಮೆಯನ್ನು ಹನ್ನೊಂದನೆಯವನಾಗಿ ಬರೆದರು. ಅವನ ಸರದಿ ಬರುವುದೇ ಇಲ್ಲವೆಂಬ ಧೈರ್ಯ.

ಬಂತು. ಕೊನೆಯ ಓವರಿನ ಮೊದಲ ಚೆಂಡಿಗೆ ಒಂಬತ್ತನೇ ವಿಕೆಟ್ ಉರುಳಿತು. ಇನ್ನು ಐದು ಚೆಂಡು, ಬೇಕಾದದ್ದು ಮೂರು ರನ್. ಆಚೆ ತುದಿಯಲ್ಲಿ ಸಿಕ್ಸರಿಗೆ ಹೆಸರಾದ ಬೇಕರಿಯವನಿದ್ದ; ಆಮೆ ಒಂದು ರನ್ ಓಡಿದ್ದರೆ ಸಾಕಿತ್ತು. ಆದರೆ ಅವನು ಚೆಂಡನ್ನು ಕಾಲಬುಡದಲ್ಲೇ ಸಾಯಿಸಿದ. "ಓಡೋ!" ಎನ್ನುತ್ತ ಬೇಕರಿಯವನು ಅರ್ಧ ದಾರಿ ಬಂದ. ಆಮೆ ಅಂಗೈ ತೋರಿಸಿ ಹಿಂದಕ್ಕೆ ಕಳಿಸಿದ. ಐದು ಚೆಂಡಿಗೂ ಇದೇ ಕಥೆ.

ಪಂದ್ಯ ಸೋತ ಬೇಕರಿಯವನು ಮಾಸ್ತರರೆದುರು ಬ್ಯಾಟು ಕುಕ್ಕಿದ. "ನಿಮ್ಮ ಭಾವಮೈದ ಅಂತ ಸುಮ್ನಿದೀನಿ!"

ಅಷ್ಟರಲ್ಲಿ ಹುಡುಗಿ ಓಡಿಬಂದಳು. ಕ್ರಿಕೆಟ್ಟಿನ ಗಂಧಗಾಳಿ ಇಲ್ಲದವಳು. ಕಣ್ಣರಳಿಸಿ, "ಅಷ್ಟು ಜನ ಔಟಾದ್ರು, ಇವರನ್ನ ಅಲ್ಲಾಡಿಸಕ್ಕೂ ಆಗ್ಲಿಲ್ಲ ನೋಡಿ!" ಎಂದಳು. ಬೇಕರಿಯವನು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ. ಮಾಸ್ತರರಿಗೆ ನಗು ತಡೆಯಲಾಗಲಿಲ್ಲ.

ಮುಂದಿನ ಎರಡು ದಿನದ ಪಂದ್ಯಕ್ಕೆ ಅವಳು ರಜೆ ಹಾಕಿಯೇ ಬಂದಳು. ಮೊದಲ ದಿನ ಚಹಾದ ಹೊತ್ತಿಗೆ ಆಮೆ ಮೂವತ್ತೊಂದು ರನ್ ಮಾಡಿ ಇನ್ನೂ ನಿಂತಿದ್ದ. ರಾತ್ರಿಪಾಳಿ ಮುಗಿಸಿ ಬಂದಿದ್ದ ಅವಳು ಕುರ್ಚಿಯಲ್ಲೇ ಗಾಢ ನಿದ್ದೆಯಲ್ಲಿದ್ದಳು. ಎಬ್ಬಿಸಲು ಹೊರಟ ಹೆಂಡತಿಗೆ ಮಾಸ್ತರರು ಮೆಲ್ಲಗೆ ಹೇಳಿದರು: "ಮಲಗ್ಲಿ ಬಿಡೇ. ಅವನೆಲ್ಲಿಗೆ ಹೋಗ್ತಾನೆ?"