ಕುಂಟೆಯನ್ನು ದಿಣ್ಣೆ ಮಾಡಿದ ಗೆರೆ

ಬೆಳಗಿನ ಐದೂ ಮುಕ್ಕಾಲು. ಸುಗಟೂರಿನ ಮೊದಲ ಬಸ್ಸು ಕೋಲಾರದಲ್ಲಿ ಏಳು ಮಂದಿಯನ್ನು ಇಳಿಸುತ್ತದೆ. ಆರು ಮಂದಿ ತರಕಾರಿ ಮೂಟೆಯವರು, ಏಳನೆಯವರು ಭಾರತಮ್ಮ. ಕೈಯಲ್ಲಿ ಟಿಫಿನ್ ಡಬ್ಬಿ, ಕಂಕುಳಲ್ಲಿ ಸುತ್ತಿದ ನಕ್ಷೆ. ಜೆರಾಕ್ಸ್ ಅಂಗಡಿಯ ಮೇಲಿನ ನಕ್ಷೆ ಕಚೇರಿಯ ಬೀಗ ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಸೆರಗಿನಿಂದ ಕಂಪ್ಯೂಟರಿನ ಗಾಜು ಒರೆಸಿ ಕೂರುತ್ತಾರೆ. ಒಂಬತ್ತಕ್ಕೆ ಕರೆಂಟು ಹೋಗುತ್ತದೆ, ಮತ್ತೆ ಬರುವುದು ದೇವರ ಚಿತ್ತ. ಅಷ್ಟರೊಳಗೆ ಟೇಕಲ್ ಬೆಟ್ಟದ ಒಂದು ಮಗ್ಗುಲಾದರೂ ಮುಗಿಯಬೇಕು.

ಬೆಟ್ಟ ಮುಗಿಸುವುದೆಂದರೇನು? ಶಾಲೆಯ ಭೂಗೋಳ ಪುಸ್ತಕದಲ್ಲಿ ಸಮೋನ್ನತ ರೇಖೆ ಎಂದು ಓದಿ ಪರೀಕ್ಷೆಯ ಮರುದಿನವೇ ಮರೆತಿರುತ್ತೇವಲ್ಲ, ಒಂದೇ ಎತ್ತರದ ಜಾಗಗಳನ್ನೆಲ್ಲ ಸೇರಿಸುವ ಆ ಗೆರೆ, ಅದೇ ಭಾರತಮ್ಮನ ಅನ್ನ. ಅವರ ಬಾಯಲ್ಲಿ ಅದು ಕಂಟೂರು. ಸರ್ವೆಯವರು ಅಳೆದು ತಂದ ಕಾಗದದ ಮೇಲಿನ ಒಂದೊಂದು ಗೆರೆಯನ್ನೂ ಪರದೆಯ ಮೇಲೆ ಮೌಸಿನಿಂದ ತಿದ್ದಿ, ಇದು ಇಷ್ಟು ಮೀಟರ್ ಎಂದು ಎತ್ತರ ಕೊಡುತ್ತಾರೆ. ಎಲ್ಲ ಗೆರೆಗೂ ಎತ್ತರ ಸಿಕ್ಕ ಮೇಲೆ ಕಂಪ್ಯೂಟರು ನಡುವೆ ತ್ರಿಕೋನಗಳ ಬಲೆ ಹೆಣೆಯುತ್ತದೆ. ಚಪ್ಪಟೆಯಾಗಿದ್ದ ನಕ್ಷೆ ಎದ್ದು ನಿಲ್ಲುತ್ತದೆ. ಆಮೇಲೆ ದೊಡ್ಡ ಓದು ಓದಿದ ಇಂಜಿನಿಯರುಗಳು ಅದರ ಮೇಲೆ ರಸ್ತೆ ಎಳೆಯುತ್ತಾರೆ, ಕಾಲುವೆ ತೋಡುತ್ತಾರೆ, ಶಂಕುಸ್ಥಾಪನೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಳ್ಳುತ್ತಾರೆ. ಭಾರತಮ್ಮನ ಹೆಸರು ಎಲ್ಲೂ ಇರುವುದಿಲ್ಲ.

"ದಿನಕ್ಕೆ ನಾನೂರು ಗೆರೆ ಸಾರ್. ಐದಾರು ಸಾವಿರ ಸಲ ಟಿಕ್ ಟಿಕ್ ಅಂತ ಒತ್ಬೇಕು. ಬಲಗೈ ಬೆರಳು ಮರಗಟ್ಟೋಗ್ತದೆ, ಬಸ್ನಲ್ಲಿ ಚಿಲ್ರೆ ಎಣಿಸೋಕೂ ಆಗಲ್ಲ" ಎನ್ನುತ್ತಾರೆ. ವಯಸ್ಸು ನಲವತ್ತೊಂದು. ಎರಡು ವರ್ಷದಲ್ಲಿ ಕನ್ನಡಕ ಮೂರು ಸಲ ಬದಲಾಗಿದೆ.

ಅಪ್ಪ ಕೋದಂಡರಾಮಪ್ಪ ಸುಗಟೂರಿನಲ್ಲಿ ರೇಷ್ಮೆ ಹುಳು ಸಾಕುತ್ತಿದ್ದವರು. ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ಹುಡುಗಿಯ ಕೈ ನಡುಗುವುದಿಲ್ಲ ಎಂದು ಗಮನಿಸಿದ ಮೇಷ್ಟ್ರೊಬ್ಬರು ಐಟಿಐಗೆ ಸೇರಿಸಿದರು. ನಕ್ಷೆ ಬರೆಯುವ ಕೋರ್ಸಿನಲ್ಲಿ ಇಪ್ಪತ್ತೆರಡು ಗಂಡುಹುಡುಗರು, ಇವರೊಬ್ಬರೇ ಹೆಣ್ಣು. ಹತ್ತು ವರ್ಷ ಟ್ರೇಸಿಂಗ್ ಕಾಗದದ ಮೇಲೆ ಇಂಕಿನ ಪೆನ್ನು. ತೊಂಬತ್ತೇಳರಲ್ಲಿ ಕಚೇರಿಗೆ ಕಂಪ್ಯೂಟರು ಬಂದಾಗ ಗಂಡಸರು ಹಿಂದೆ ಸರಿದರು, ಇವರು ಕೂತರು. ಕಚೇರಿಯ ಯಜಮಾನ ಚನ್ನರಾಯಪ್ಪನವರೂ ಒಪ್ಪುತ್ತಾರೆ: "ಆಯಮ್ಮ ಕೂತ್ರೆ ನಾನು ತಿರುಗಿ ನೋಡಲ್ಲ."

ಇಲ್ಲಿಗೆ ನಿಲ್ಲಿಸಿದ್ದರೆ ಇದು ಭಾನುವಾರದ ಕಾಫಿಯ ಜೊತೆ ಓದಿ, ಪಾಪ, ಎಷ್ಟು ಕಷ್ಟಪಡ್ತಾಳೆ ಎಂದು ಮಡಚಿಡುವ ಬರಹವಾಗುತ್ತಿತ್ತು. ಭಾರತಮ್ಮ ನಿಲ್ಲಿಸಲು ಬಿಡುವುದಿಲ್ಲ. "ಒಳ್ಳೇದೆಲ್ಲ ಬರ್ಕೊಂಡ್ರಿ. ಈಗ ಕೆಟ್ಟದ್ದು ಬರ್ಕೊಳ್ಳಿ" ಎಂದು ಬೀರುವಿನಿಂದ ಹಳದಿಗಟ್ಟಿದ ಒಂದು ಜೆರಾಕ್ಸ್ ಪ್ರತಿ ತೆಗೆದು ಮೇಜಿನ ಮೇಲೆ ಹರವುತ್ತಾರೆ.

ಅದು ಹೊಸ ರಸ್ತೆಯೊಂದಕ್ಕಾಗಿ ಮಾಡಿದ ೧೯೯೯ರ ನಕ್ಷೆ. ಶ್ರೀನಿವಾಸಪುರದಾಚೆ, ಮಾವಿನ ತೋಪುಗಳ ಇಳಿಜಾರಿನಲ್ಲಿ ಹದಿನೇಳು ಮನೆಗಳ ಒಂದು ಹಳ್ಳಿ. ಊರ ಮಗ್ಗುಲಲ್ಲಿ ಸುತ್ತಿ ಬಂದು ತನ್ನನ್ನೇ ಕೂಡಿಕೊಳ್ಳುವ ಒಂದು ಪುಟ್ಟ ಗೆರೆ. ಅದರ ಹೊರಗಿನ ಗೆರೆ ೮೪೨ ಮೀಟರ್. ಒಳಗಿನದಕ್ಕೆ ಅಂಕಿ ಇಲ್ಲ. ಹೀಗೆ ಮುಚ್ಚಿಕೊಂಡ ಗೆರೆ ದಿಣ್ಣೆಯೂ ಆಗಬಹುದು, ತಗ್ಗೂ ಆಗಬಹುದು. ತಗ್ಗಾದರೆ ಗೆರೆಯ ಒಳಮೈಗೆ ಸಣ್ಣ ಸಣ್ಣ ಗೀಟು ಹಾಕಿರುತ್ತಾರೆ. ಸರ್ವೆಯವರು ಹಾಕಿಯೇ ಇದ್ದರು. ಜೆರಾಕ್ಸಿನ ಜೆರಾಕ್ಸಿನಲ್ಲಿ ಆ ಗೀಟುಗಳು ಅಳಿಸಿಹೋಗಿದ್ದವು. ಭಾರತಮ್ಮ ೮೪೩ ಎಂದು ಕೊಟ್ಟರು. ಕೊಡಬೇಕಾಗಿದ್ದದ್ದು ೮೪೧.

ಅಲ್ಲಿದ್ದದ್ದು ಮಳೆನೀರು ನಿಲ್ಲುವ ಕುಂಟೆ. ತೋಪಿನ ನೀರೆಲ್ಲ ಹರಿದು ಬಂದು, ಕುಂಟೆ ತುಂಬಿ, ಆಚೆ ಹೊಲಕ್ಕೆ ದಾಟುತ್ತಿತ್ತು. ಕಂಪ್ಯೂಟರಿನಲ್ಲಿ ಮಾತ್ರ ಕುಂಟೆ ದಿಣ್ಣೆಯಾಗಿ ಎದ್ದು ನಿಂತಿತು. ದಿಣ್ಣೆಯ ಹತ್ತಿರ ನೀರು ದಾಟುವ ಮಾತೇ ಇಲ್ಲವಲ್ಲ! ಹೊಸ ರಸ್ತೆಯನ್ನು ಏರಿ ಕಟ್ಟಿ ಹಾಕಿದರು, ಅಡಿಯಲ್ಲಿ ಮೋರಿ ಇಡಲಿಲ್ಲ.

ಮರುವರ್ಷ ಅಕ್ಟೋಬರಿನಲ್ಲಿ ಮೂರು ದಿನ ಬಿಡದೆ ಹಿಡಿದ ಮಳೆಗೆ ರಸ್ತೆಯೇ ಕಟ್ಟೆಯಾಯಿತು. ದಾರಿ ಕಾಣದ ನೀರು ಊರೊಳಗೆ ನುಗ್ಗಿತು. ಮಧ್ಯಾಹ್ನ ಎರಡು ಗಂಟೆಗೆ, ಹಸುವಿನ ಹಗ್ಗ ಬಿಚ್ಚಲು ಕೊಟ್ಟಿಗೆಗೆ ಹೋದ ಪೆದ್ದಪ್ಪ ಎಂಬ ರೈತನ ಮೇಲೆ ನೆನೆದ ಮಣ್ಣಿನ ಗೋಡೆ ಕುಸಿಯಿತು. ಹಸು ಉಳಿಯಿತು, ಅವರು ಉಳಿಯಲಿಲ್ಲ. ವಿಚಾರಣೆ ನಡೆದು, ಅತಿವೃಷ್ಟಿ ಎಂಬ ಒಂದು ಪದ ಬರೆದು ಎಲ್ಲರೂ ಕೈ ತೊಳೆದುಕೊಂಡರು. ಮೇಲಿಂದ ಮಳೆ ಬಿದ್ದರೆ ಯಾರನ್ನು ಕೇಳುತ್ತೀರಿ?

ಪೇಪರಿನಲ್ಲಿ ಊರಿನ ಹೆಸರು ನೋಡಿ ಭಾರತಮ್ಮ ಹಳೆಯ ನಕ್ಷೆ ಹುಡುಕಿದರು. ಬಸ್ಸು ಹತ್ತಿ ಹೋಗಿ ಕುಂಟೆಯನ್ನು ಕಣ್ಣಾರೆ ಕಂಡರು. "ಯಾರೂ ನನ್ನ ಕೇಳ್ಲಿಲ್ಲ ಸಾರ್. ನನ್ನ ಹೆಸರೇ ಯಾರ್ಗೂ ಗೊತ್ತಿಲ್ವಲ್ಲ, ಏನಂತ ಕೇಳ್ತಾರೆ?"

ಅಂದಿನಿಂದ ಒಂದು ನೇಮ ಇಟ್ಟುಕೊಂಡಿದ್ದಾರೆ. ಯಾವ ನಕ್ಷೆಯನ್ನೇ ಮುಗಿಸಲಿ, ಭಾನುವಾರ ಆ ಊರಿಗೆ ಸ್ವಂತ ಖರ್ಚಿನಲ್ಲಿ ಹೋಗಿ, ಜಗಲಿ ಮೇಲೆ ಕೂತ ಹೆಂಗಸರನ್ನು ಕೇಳುತ್ತಾರೆ: ಮಳೆ ಬಂದ್ರೆ ನೀರು ಎಲ್ಲಿ ನಿಲ್ತದಮ್ಮ? ವಕ್ಕಲೇರಿಯಲ್ಲಿ ಇವರನ್ನು ಜಮೀನು ದಲ್ಲಾಳಿ ಎಂದುಕೊಂಡು ಬೈದು ಕಳಿಸಿದ್ದೂ ಉಂಟು.

ಪೆದ್ದಪ್ಪನವರ ಹೆಂಡತಿ ಮುತ್ಯಾಲಮ್ಮನ ಮುಂದೆ ಹೋಗಿ ನಿಲ್ಲಲು ಮಾತ್ರ ಐದು ವರ್ಷ ಬೇಕಾಯಿತು. ಹೋದ ವರ್ಷ ಹೋಗಿ, ಅಳುತ್ತಾ, ಗೆರೆ, ಗೀಟು, ಕಂಪ್ಯೂಟರು ಎಲ್ಲ ಹೇಳಿದರು. ಮುತ್ಯಾಲಮ್ಮ ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದೇ ಮಾತು ಕೇಳಿದರು: "ಅದೆಲ್ಲ ನಾಕು ತೆಲೀದು ತಲ್ಲೀ, ನಂಗೊತ್ತಾಗಲ್ಲ. ಮೋರಿ ಯಾವಾಗ ಹಾಕ್ತಾರೆ, ಅದು ಹೇಳು."

ಮೋರಿ ಇಂದಿಗೂ ಇಲ್ಲ. ಈ ಆರು ವರ್ಷದಲ್ಲಿ ಇನ್ನೂ ಎರಡು ಸಲ ನೀರು ಹೊಸ್ತಿಲು ಮುಟ್ಟಿದೆ. ಊರವರು ಮೂರು ಸಲ ಅರ್ಜಿ ಕೊಟ್ಟಿದ್ದಾರೆ, ಮೂರು ಸಲವೂ ಒಂದೇ ಉತ್ತರ: ನಕ್ಷೆಯ ಪ್ರಕಾರ ಸದರಿ ಸ್ಥಳದಲ್ಲಿ ದಿಣ್ಣೆ ಇರುವುದರಿಂದ ಮೋರಿಯ ಅಗತ್ಯ ಕಂಡುಬರುವುದಿಲ್ಲ. ಕುಂಟೆಯ ದಡದಲ್ಲಿ ನಿಂತು ಈ ಕಾಗದ ಓದಿಕೊಂಡವರಿಗೆ ನಗಬೇಕೋ ಅಳಬೇಕೋ ತಿಳಿಯದು. ಭಾರತಮ್ಮ ತಿದ್ದಿದ ನಕ್ಷೆ ಮಾಡಿ ಯಜಮಾನರ ಮುಂದಿಟ್ಟರೆ ಅವರು ಮುಟ್ಟುವುದಿಲ್ಲ. "ತಪ್ಪು ಅಂತ ನಾವೇ ಬರ್ಕೊಟ್ರೆ ನಾಳೆ ಯಾರಮ್ಮ ಕೆಲಸ ಕೊಡ್ತಾರೆ? ಅಂಗೇನಾದ್ರೂ ಮಾಡಿದ್ರೆ ನೀನೂ ಬರ್ಬೇಡ" ಎಂದು ಚನ್ನರಾಯಪ್ಪ ಖಡಾಖಂಡಿತವಾಗಿ ಹೇಳಿದ್ದಾರೆ. ಮನೆಯಲ್ಲಿ ಗಂಡ ಅಮರನಾಥ್ ಅವರದೂ ಅದೇ ರಾಗ: "ಸುಮ್ನಿರೇ ತಾಯಿ."

ಹೆಸರು ಬದಲಿಸಿ ಬರೆಯಬಹುದು, ಕೆಲಸಕ್ಕೆ ತೊಂದರೆಯಾಗದು ಎಂದು ಸೂಚಿಸಿದರೆ ಭಾರತಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ.

"ಬದಲಾಯಿಸಿದ್ರೆ ಯಾರು ನಂಬ್ತಾರೆ? ಸರಿಯಾಗಿ ಹಾಕಿ ಸಾರ್. ಭಾರತಮ್ಮ, ಕೋದಂಡರಾಮಪ್ಪನ ಮಗಳು, ಸುಗಟೂರು. ಅಲ್ಲಿರೋದು ದಿಣ್ಣೆ ಅಲ್ಲ, ಕುಂಟೆ. ತಪ್ಪು ನಂದು. ಮುಂದಿನ ವಾರ ಮುತ್ಯಾಲಮ್ಮ ನಾಲ್ಕನೇ ಅರ್ಜಿ ಕೊಡ್ತಾರೆ. ಈ ಪೇಪರ್ ಕತ್ತರಿಸಿ ಅದಕ್ಕೆ ಪಿನ್ ಹೊಡೀತಾರೆ."