ಪೂಜೆಗಿಟ್ಟ ತ್ರೀ ನಾಟ್ ತ್ರೀ

ಆ ಸಂಜೆ ನಾನು ‘ಖಾಲಿ’ ಎಂದೆನೋ ಇಲ್ಲವೋ, ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಡೈರಿ ಬರೆಯುವ ಅಭ್ಯಾಸ ಕಾಲೇಜಿನ ದಿನಗಳಿಂದ ಇದೆ. ಆ ದಿನದ ಪುಟ ತೆಗೆದು ನೋಡಿದರೆ ಕೋಸಂಬರಿಗೆ ಉಪ್ಪು ಹೆಚ್ಚಾಯಿತು ಎಂದಿದೆ, ಅಷ್ಟೆ. ಭಯವಾದ ದಿನಗಳಲ್ಲಿ ನಾನು ಅಡುಗೆಯ ವಿಷಯ ಬರೆಯುತ್ತೇನೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ನೆನಪಿನಿಂದ ಎತ್ತಿಕೊಂಡದ್ದು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ವೃತ್ತಿಜೀವನ ಕಳೆದವಳು ನಾನು. ಮೈಕ್ರೋಸ್ಕೋಪಿನಡಿ ಒಂದೇ ಸ್ಲೈಡನ್ನು ಬೆಳಿಗ್ಗೆ ನೋಡಿ ಒಂದು, ಸಂಜೆ ನೋಡಿ ಇನ್ನೊಂದು ಹೇಳಿದ ಜಾಣರನ್ನು ಕಂಡಿದ್ದೇನೆ. ನಾನೂ ಅವರಲ್ಲಿ ಒಬ್ಬಳಿರಬಹುದು.

ನಮ್ಮ ಮನೆಯಲ್ಲಿ ಹಳೆಯ ಮಿಲಿಟರಿ ರೈಫಲ್ ಒಂದಿತ್ತು. ಅಮೆರಿಕದ ಹೂಸ್ಟನ್ ಪಕ್ಕದ ಕ್ಲಿಯರ್ ಲೇಕ್‌ನಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದ ಮೇಲೆ ನಮ್ಮನೆಯವರಿಗೆ ಹತ್ತಿದ ಹುಚ್ಚು. ಡಲ್ಲಾಸ್‌ನ ಗನ್ ಶೋ ಒಂದರಲ್ಲಿ, ಬಂದೂಕು ಮಾರುವ ಸಾಲು ಮೇಜುಗಳ ನಡುವೆ ನಡೆಯುತ್ತಿದ್ದವರು ಗಕ್ಕನೆ ನಿಂತು ಒಂದು ಬಂದೂಕನ್ನು ಮಗುವಿನಂತೆ ಎತ್ತಿಕೊಂಡದ್ದು ನೆನಪಿದೆ. ಗುಂಡನ್ನು ಒಳಗೆ ದೂಡುವ ಬೋಲ್ಟಿನ ಕೆಳಗಿನ ಲೋಹದ ಪಟ್ಟಿಯಲ್ಲಿ ನಮ್ಮ ದೇಶದ ಕಾರ್ಖಾನೆಯ ಮುದ್ರೆ ಇತ್ತು. ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿ ಕೆಡೆಟ್ ಆಗಿದ್ದಾಗ ಕ್ಯಾಂಪಿನಲ್ಲಿ ಇವರ ಕೈಗೆ ಕೊಟ್ಟಿದ್ದು ಇದೇ ಜಾತಿಯದು, ತ್ರೀ ನಾಟ್ ತ್ರೀ. ಆ ಕ್ಯಾಂಪಿನ ಬಂದೂಕಿನ ನಂಬರ್ ಇವರಿಗೆ ಬಾಯಿಪಾಠ. ಮದುವೆಯಾದ ಹೊಸತರಲ್ಲೂ ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ, ಒಂದು ಅಂಕಿ ತಪ್ಪುವುದಿಲ್ಲ.

ನಾನು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಬಂದೂಕು ಕಪಾಟಿನಿಂದ ಹೊರಬಂದಾಗಲೆಲ್ಲ ಇವರು ಬೋಲ್ಟ್ ಎಳೆದು, ಗುಂಡು ಕೂರುವ ಗೂಡಿನೊಳಗೆ ಕಿರುಬೆರಳು ಹಾಕಿ, ‘ಖಾಲಿ’ ಎಂದು ಗಟ್ಟಿಯಾಗಿ ಹೇಳಬೇಕು. ನಾನು ಬಗ್ಗಿ ನೋಡಿ ‘ಖಾಲಿ’ ಎನ್ನಬೇಕು. ಆಪರೇಷನ್ ಮುಗಿದ ಮೇಲೆ ಬಟ್ಟೆ, ಕತ್ತರಿ ಎಣಿಸುವಾಗ ಇಬ್ಬರು ಎಣಿಸುತ್ತಾರಲ್ಲ, ಹಾಗೆ. ವರ್ಷಗಟ್ಟಲೆ ಇದು ನಡೆಯಿತು. ಸಂಧ್ಯಾವಂದನೆಯ ಮಂತ್ರದ ಹಾಗೆ ನಾಲಿಗೆಗೆ ಹತ್ತಿಕೊಂಡಿತು. ನಾಲಿಗೆಗೆ ಹತ್ತಿದ ಮಂತ್ರಕ್ಕೆ ಕಣ್ಣು ಬೇಕಾಗುವುದಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಒಂದು ಇದ್ದರೆ ಸಾಲದು ಎಂದಾಯಿತು. ಯಾವುದೋ ದೇಶದ ಗೋದಾಮಿನಲ್ಲಿ ಇಂಥವೇ ಬಂದೂಕುಗಳ ದೊಡ್ಡ ರಾಶಿ ಬಿದ್ದಿದೆ, ಡಲ್ಲಾಸ್‌ನ ವ್ಯಾಪಾರಿಯೊಬ್ಬ ತರಿಸಲು ಸಿದ್ಧನಿದ್ದಾನೆ, ಆದರೆ ಸರ್ಕಾರ ಆಮದಿಗೆ ತಡೆ ಹಾಕಿದೆ ಎಂಬ ಸುದ್ದಿ ಬಂತು. ಮನೆಯಲ್ಲಿ ಅದೇ ಮಾತು. ತಡೆ ಮುಂದುವರಿದರೆ ಅವನ್ನೆಲ್ಲ ತುಂಡರಿಸಿ ಕರಗಿಸಿಬಿಡುತ್ತಾರೆ ಎಂದು ಇವರಿಗೆ ಸಂಕಟ. ಆ ರಾಶಿಯಲ್ಲಿ ತಮ್ಮ ಕ್ಯಾಂಪಿನ ಬಂದೂಕೇ ಇರಬಹುದು ಎಂಬ ಆಸೆಯನ್ನು ನನಗೊಬ್ಬಳಿಗೇ ಹೇಳಿದ್ದರು. ಮುಂಗಡ ಕೊಟ್ಟು ಹೆಸರು ಬರೆಸಿದ್ದೂ ಆಗಿತ್ತು.

ಆಸ್ಟಿನ್‌ನಲ್ಲಿ ಸಂಗ್ರಾಹಕರು ಸೇರಿ ಈ ತಡೆಯ ಬಗ್ಗೆ ಸಾರ್ವಜನಿಕ ಚರ್ಚೆ ಇಟ್ಟುಕೊಂಡಾಗ ಇವರೂ ಮಾತಾಡಲು ಹೆಸರು ಕೊಟ್ಟರು. ಭಾಷಣ ಇವರದು, ತಿದ್ದಿದ್ದು ನಾನು. ನೂರು ವರ್ಷದ ಹಳೆಯ ಬಂದೂಕು ಹಿಡಿದು ಯಾರೂ ಅಂಗಡಿ ದೋಚುವುದಿಲ್ಲ, ಇದು ಆಯುಧವಲ್ಲ, ಚರಿತ್ರೆ, ಹೀಗೆ. ನನಗೆ ಅರ್ಧ ಒಪ್ಪಿಗೆಯಿತ್ತು. ಉಳಿದರ್ಧವನ್ನು ಅಲ್ಪವಿರಾಮಗಳ ಕಡೆ ಗಮನ ಕೊಟ್ಟು ಮರೆತೆ.

ಹೋಟೆಲಿನ ಆ ಸಭಾಂಗಣದಲ್ಲಿ ಇವರು ಚೆನ್ನಾಗಿಯೇ ಶುರುಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ನಿಂತುಹೋದರು. ಕಾಗದ ಕೈಯಲ್ಲೇ ಇತ್ತು. ಕಾಗದವನ್ನು ನೋಡಲಿಲ್ಲ, ನನ್ನನ್ನು ನೋಡಿದರು, ಬಸ್ಸಿನಿಂದ ತಪ್ಪಿ ಬೇರೆ ನಿಲ್ದಾಣದಲ್ಲಿ ಇಳಿದವರ ಹಾಗೆ. ಎಷ್ಟು ಹೊತ್ತು? ನನಗೆ ಬಹಳ ಹೊತ್ತು ಎನಿಸಿತು. ಪಕ್ಕದವರು ಯಾರೂ ತಲೆಯೆತ್ತಿದ ನೆನಪಿಲ್ಲ, ಹಾಗಾದರೆ ಎರಡು ಉಸಿರಿನಷ್ಟೇ ಇರಬಹುದು. ಆಮೇಲೆ ಸಾವರಿಸಿಕೊಂಡು ಮುಗಿಸಿದರು. ತಡೆ ಇರಲೇಬೇಕು ಎನ್ನುವ ಕಡೆಯ ಹೆಂಗಸೊಬ್ಬಳು ಎದ್ದು, ನಿಮ್ಮ ಮನೆಯಲ್ಲಿರುವ ಚರಿತ್ರೆ ಈಗಲೂ ಗುಂಡು ಹಾರಿಸುತ್ತದೆಯೇ ಎಂದು ಕೇಳಿದಳು. ಇವರು ಹೆಮ್ಮೆಯಿಂದ, ಬಹಳ ಚೆನ್ನಾಗಿ ಹಾರಿಸುತ್ತದೆ ಎಂದರು. ಸಭೆ ನಕ್ಕಿತು. ಆಕೆ ನಗಲಿಲ್ಲ. ಹೂಸ್ಟನ್‌ಗೆ ವಾಪಸ್ಸು ಬರುವಾಗ ಎಂದಿನಂತೆ ಇವರೇ ಡ್ರೈವ್ ಮಾಡಿದರು. ದಾರಿಯುದ್ದಕ್ಕೂ ನಾನು ಇವರ ಕೈಗಳನ್ನೇ ನೋಡುತ್ತಿದ್ದೆ.

ಆ ವರ್ಷ ಆಯುಧ ಪೂಜೆ ಭಾನುವಾರ ಬಂತು. ಡಲ್ಲಾಸ್‌ನಿಂದ ಇವರ ಗೆಳೆಯರೊಬ್ಬರು ಹಿಂದಿನ ದಿನವೇ ಬಂದಿದ್ದರು. ಹುಬ್ಬಳ್ಳಿಯ ಕಡೆಯವರು, ಡಲ್ಲಾಸ್‌ನಲ್ಲಿ ಎರಡು ಔಷಧಿ ಅಂಗಡಿ ನಡೆಸುತ್ತಾರೆ, ಇವರಷ್ಟೇ ಬಂದೂಕಿನ ಹುಚ್ಚು. ನನ್ನನ್ನು ವೈನಿ ಎನ್ನುತ್ತಾರೆ, ಅತ್ತಿಗೆ ಎನ್ನುವುದಕ್ಕೆ ಅವರ ಕಡೆಯ ಮಾತು. ಬೆಳಿಗ್ಗೆ ಇಬ್ಬರೂ ರೈಫಲ್ ತೆಗೆದುಕೊಂಡು ಊರಾಚೆಯ ಶೂಟಿಂಗ್ ರೇಂಜಿಗೆ ಹೋದರು. ಮಧ್ಯಾಹ್ನದೊಳಗೆ ಬರುತ್ತೇವೆ ಎಂದವರು ಬಂದಾಗ ನಾಲ್ಕು ಗಂಟೆ ಹತ್ತಿರವಾಗಿತ್ತು. ನಾಲ್ಕೂವರೆಗೆ ರಾಹುಕಾಲ ಹಿಡಿಯುತ್ತದೆ. ಫೋನಿನ ಪಂಚಾಂಗ ಇನ್ನೂ ಸ್ವಲ್ಪ ಸಮಯವಿದೆ ಎಂದು ತೋರಿಸುತ್ತಿದೆ ಎಂದರು ಇವರು. ಗೆಳೆಯರು ಶೂ ಬಿಚ್ಚುತ್ತ, ‘ಹೌದೇನ್ರಿ? ಹೂಸ್ಟನ್ ರಾಹು ಬ್ಯಾರೆ, ಡಲ್ಲಾಸ್ ರಾಹು ಬ್ಯಾರೆ ಏನು? ನಮ್ಮ ಡಲ್ಲಾಸಿನವ ಭಾಳ ಶಿಸ್ತಿನವ ನೋಡ್ರಿ, ಬರೋಬ್ಬರಿ ಟೈಮಿಗೆ ಬರ್ತಾನ’ ಎಂದರು. ನಗುತ್ತಲೇ ಎಲ್ಲರೂ ಓಡಾಡಿದೆವು.

ದೇವರ ಮುಂದೆ ಬಿಳಿ ಪಂಚೆ ಹಾಸಿ ನನ್ನ ಹಳೆಯ ಮೈಕ್ರೋಸ್ಕೋಪ್, ಲ್ಯಾಪ್‌ಟಾಪ್, ಇವರ ಸ್ಕ್ರೂಡ್ರೈವರ್‌ಗಳು, ಕಾರಿನ ಕೀಲಿ ಇಟ್ಟಿದ್ದೆ. ರೈಫಲ್ ಮಲಗಿಸಲು ನಡುವೆ ಜಾಗ ಬಿಟ್ಟಿದ್ದೆ. ಒಲೆಯ ಮೇಲೆ ಪಾಯಸ, ಹೊರಗೆ ಬೂದುಗುಂಬಳ ಒಡೆಯಬೇಕು, ಕಾರುಗಳ ಚಕ್ರದಡಿ ನಿಂಬೆಹಣ್ಣು ಇಡಬೇಕು. ಮಂಗಳಾರತಿ ಮುಗಿದಾಗ ಗಡಿಯಾರ ನಾಲ್ಕೂವರೆ ಮುಟ್ಟಿರಲಿಲ್ಲ. ಗೆದ್ದೆವು ಎಂದು ಸಂತೋಷ.

ಆಗ ಹೂಸ್ಟನ್ನಿನ ಅಂಚಿನ ಫುಲ್‌ಶೀರ್‌ನಿಂದ ಮಗಳ ಫೋನ್ ಬಂತು. ಮಗುವನ್ನು ಕರೆದುಕೊಂಡು ಹೊರಟಿದ್ದಾಳೆ. ಮೊಮ್ಮಗಳು ಐದು ವರ್ಷದವಳು, ಹೂವು ಕಂಡರೆ ಕೈ ಹಾಕದೆ ಬಿಡುವವಳಲ್ಲ. ಕಾರು ಹತ್ತುವ ಮೊದಲು ಮಗಳು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ‘ಅಮ್ಮಾ, ಈಸ್ ಇಟ್ ಲಾಕ್ಡ್?’ ರೈಫಲ್ ಲಾಕ್ ಆಗಿರಲಿಲ್ಲ. ಪೂಜೆಗಿಟ್ಟ ಆಯುಧವನ್ನು ಮರುದಿನ ವಿಜಯದಶಮಿಯ ಪೂಜೆಯಾಗುವ ತನಕ ಮುಟ್ಟಬಾರದು; ರಾತ್ರಿ ಅಲ್ಲೇ ಇರಬೇಕು. ಹಿಂದಿನ ವರ್ಷಗಳಲ್ಲಿ ಮಗಳು ಮಗುವಿನೊಂದಿಗೆ ಅತ್ತೆಮನೆಯ ಹಬ್ಬಕ್ಕೆ ಹೋಗುತ್ತಿದ್ದಳು, ಪ್ರಶ್ನೆ ಎದ್ದಿರಲಿಲ್ಲ. ಬಾ, ನೋಡಿಕೊಳ್ಳುತ್ತೇನೆ ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ಕಣ್ಣು ರೈಫಲ್ ಕಡೆ ಹೋಯಿತು. ಬೋಲ್ಟ್ ಮುಚ್ಚಿತ್ತು. ಅದರ ಹಿಡಿಗೆ ಕುಂಕುಮ, ಮೈಮೇಲೆ ಸೇವಂತಿಗೆ.

ಬೋಲ್ಟ್ ತೆಗೆದದ್ದನ್ನು ನಾನು ನೋಡಿದೆನೇ? ಹಿಂದಿನ ವರ್ಷ ನೋಡಿದ್ದು ಕಣ್ಣಿಗೆ ಬಂತು, ಅದರ ಹಿಂದಿನ ವರ್ಷದ್ದೂ ಬಂತು. ಈ ದಿನದ್ದು ಬರಲಿಲ್ಲ.

ಇವರನ್ನು ಕೇಳಿದೆ. ಸೋಫಾದಲ್ಲಿ ಕೂತು ಪಾಯಸ ಕುಡಿಯುತ್ತಿದ್ದವರು ತಲೆಯೆತ್ತಿದರು.

‘ನೋಡಿದೆನಲ್ಲ. ಬೆರಳು ಹಾಕಿ ನೋಡಿ ಖಾಲಿ ಅಂದೆ. ನೀನೂ ಅಂದೆ.’

‘ನಾನು ಅಡುಗೆಮನೇಲಿದ್ದೆ ರೀ.’

‘ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಕೈಯಲ್ಲಿ ಸೌಟಿತ್ತು. ಅಲ್ಲಿಂದಲೇ ಅಂದೆ. ಈಗ ಮರೆತೆಯಾ?’

ಸೌಟನ್ನೂ ಬಿಡದೆ ಅಷ್ಟು ಸ್ಪಷ್ಟವಾಗಿ ಹೇಳಿದರು. ಆಸ್ಟಿನ್‌ನಿಂದ ಈಚೆಗೆ ಇವರನ್ನು ಕದ್ದು ಕದ್ದು ಗಮನಿಸುತ್ತಿದ್ದವಳು ನಾನು. ಮರೆಯುತ್ತಿರುವುದು ಇವರಲ್ಲ, ನಾನೇ ಇರಬಹುದು ಎಂದು ಮೊದಲ ಬಾರಿಗೆ ಅನ್ನಿಸಿತು. ಗೆಳೆಯರನ್ನು ಕೇಳಿದರೆ, ಅವರು ಆ ಹೊತ್ತಿಗೆ ಹೊರಗೆ ಕಾರಿಗೆ ಹಾರ ಕಟ್ಟುತ್ತಿದ್ದರಂತೆ. ರೇಂಜಿನಿಂದ ಹೊರಡುವಾಗ ಗಡಿಬಿಡಿಯಲ್ಲಿ ಬಂದೂಕನ್ನು ಪೆಟ್ಟಿಗೆಗೆ ಇಟ್ಟವರು ಇವರೇ ಅಂತೆ. ಗುಂಡು ತೆಗೆದದ್ದನ್ನು ಅವರೂ ನೋಡಿರಲಿಲ್ಲ.

ನಾನು ಪಂಚೆಯ ಹತ್ತಿರ ಮಂಡಿಯೂರಿ ಕೂತೆ.

‘ಏನೇ ಇದು, ಪೂಜೆ ಕೆಡಿಸ್ತೀಯಾ?’ ಎಂದರು ಇವರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ನಾನು ಅನುಮಾನಿಸಿದ್ದು ಇವರನ್ನು ಎಂದು ಗೊತ್ತಾಗಿತ್ತು.

‘ವೈನಿ, ತಡೀರಿ,’ ಎಂದರು ಗೆಳೆಯರು. ಬೇಡ ಎನ್ನುತ್ತಾರೆಂದುಕೊಂಡೆ. ‘ಮೂತಿ ಹಿತ್ತಲದ ಗ್ವಾಡಿ ಕಡೆ ಮಾಡ್ರಿ ಮೊದಲ. ರಸ್ತಾದ ಕಡೆ ಅದ.’

ಹಿತ್ತಲಿನ ಗೋಡೆಯ ಕಡೆಗೆ ತಿರುಗಿಸಿದೆ. ಸೇವಂತಿಗೆ ಉದುರಿತು. ಕುಂಕುಮ ಮೆತ್ತಿದ ಹಿಡಿ ಬೆರಳಿಗೆ ಜಾರುತ್ತಿತ್ತು. ಈ ವಯಸ್ಸಿನಲ್ಲಿ ನನ್ನ ಬೆರಳಿಗೆ ಅಷ್ಟು ಬಲವಿಲ್ಲ, ಎರಡನೆಯ ಸಲ ಎಳೆದಾಗ ಬೋಲ್ಟ್ ಹಿಂದೆ ಬಂತು. ಅದರ ಜೊತೆಗೆ ಹಿತ್ತಾಳೆಯ ಗುಂಡೊಂದು ಹೊರಗೆ ಚಿಮ್ಮಿ, ಅಕ್ಷತೆಯ ತಟ್ಟೆಗೆ ಬಿದ್ದು, ಮೈಕ್ರೋಸ್ಕೋಪಿನ ಬುಡದವರೆಗೆ ಉರುಳಿತು. ಹಾರಿಸಿದ ಮೇಲೆ ಉಳಿಯುವ ಸುಟ್ಟ ಕೊಳವೆಯಲ್ಲ. ಇಡಿಯ ಗುಂಡು.

ಇವರು ಲೋಟ ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು. ನನ್ನನ್ನೇ ನೋಡುತ್ತ, ‘ನೀನು ಖಾಲಿ ಅಂದೆಯಲ್ಲ’ ಎಂದರು. ಮಗು ಅಮ್ಮನಿಗೆ ಹೇಳುವ ಹಾಗೆ.

ಅಂದಿದ್ದೆನೇ? ಸೌಟು ಹಿಡಿದು, ನೋಡದೆ, ಹ್ಞೂಂಗುಟ್ಟುವ ಹಾಗೆ ಅಂದಿರಬಹುದು. ಅಥವಾ ಅದು ಇವರು ಬೇರೆ ಯಾವುದೋ ವರ್ಷದಿಂದ ತಂದಿಟ್ಟುಕೊಂಡ ಸೌಟು. ಇದನ್ನು ನಾನು ಈಗ ತಿಳಿಯಲಾರೆ. ಗುಂಡು ಇದ್ದದ್ದು ಮಾತ್ರ ನಿಜ.

ಮಗಳು ಬರುವಷ್ಟರಲ್ಲಿ ಗೆಳೆಯರು ಬೋಲ್ಟನ್ನು ಕಳಚಿ ತಮ್ಮ ಕಾರಿನಲ್ಲಿಟ್ಟರು, ರೈಫಲ್ ಕಪಾಟು ಸೇರಿತು. ಮೊಮ್ಮಗಳು ಉದುರಿದ ಸೇವಂತಿಗೆಯನ್ನೆಲ್ಲ ಆರಿಸಿ ಮೈಕ್ರೋಸ್ಕೋಪಿಗೆ ಮುಡಿಸಿದಳು. ಕೋಸಂಬರಿಯಲ್ಲಿ ಉಪ್ಪು ಜಾಸ್ತಿ ಎಂದು ಮಗಳು ಹೇಳಿದಳು. ಅವಳಿಗೆ ನಾವು ಏನನ್ನೂ ಹೇಳಲಿಲ್ಲ. ಮರುದಿನ ಗೆಳೆಯರು ರೈಫಲನ್ನು ತಮ್ಮೊಂದಿಗೆ ಡಲ್ಲಾಸ್‌ಗೆ ತೆಗೆದುಕೊಂಡು ಹೋದರು. ಕೆಲವು ದಿನ ಇಟ್ಟುಕೊಳ್ಳುತ್ತೇನೆ, ಎಣ್ಣೆ ಹಾಕಿಸುತ್ತೇನೆ ಎಂದರು. ಇವರು ತಡೆಯಲಿಲ್ಲ.

ಆಮೇಲೆ ಶುರುವಾದ ಭಯ ಬೇರೆ ತರಹದ್ದು. ಆಮದಿಗೆ ಒಪ್ಪಿಗೆ ಸಿಕ್ಕರೆ ಹೊಸದೊಂದು ಬಂದುಬಿಡುತ್ತದೆ. ತಡೆ ತೆಗೆಯಬೇಕು ಎಂಬ ಭಾಷಣವನ್ನು ತಿದ್ದಿದವಳು ನಾನು. ತಡೆ ತೆಗೆಯದಿರಲಿ ಎಂದು ದೀಪ ಹಚ್ಚುವಾಗ ಬೇಡುತ್ತಿದ್ದವಳೂ ನಾನೇ. ದೇವರಿಗೆ ಯಾವ ಮಾತು ಮುಟ್ಟಿತೋ. ಆಸ್ಟಿನ್‌ನ ಆ ಹೆಂಗಸು ನಗದೆ ನಿಂತದ್ದು ನೆನಪಾಗುತ್ತಿತ್ತು. ಅವಳ ಮನೆಯಲ್ಲಿ ಏನಾಗಿತ್ತೆಂದು ಕೇಳಬೇಕಿತ್ತು.

ಸಂಕ್ರಾಂತಿಯ ಹೊತ್ತಿಗೆ ಡಲ್ಲಾಸ್‌ನ ವ್ಯಾಪಾರಿಯ ಫೋನ್ ಬಂತು. ಇವರು ಸ್ನಾನಕ್ಕೆ ಹೋಗಿದ್ದರು, ನಾನು ಎತ್ತಿದೆ. ಒಪ್ಪಿಗೆ ಸಿಕ್ಕಿದೆ, ರಾಶಿ ಬಂದಿದೆ, ಬಂದು ಆರಿಸಿಕೊಳ್ಳಿ ಎಂದ. ಆಮೇಲೆ ತಿಳಿಸುತ್ತೇನೆ ಎಂದೆ. ಇವರಿಗೆ ಹೇಳುವುದೇ ಸರಿ ಎಂದು ಮೊದಲು ಅನ್ನಿಸಿತು, ಇವರ ಆಸೆ ಇವರದು. ಹೇಳುವ ಮೊದಲು ಹೊಲಿಗೆ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದ ಆ ಗುಂಡನ್ನು ತಂದು ಊಟದ ಮೇಜಿನ ಮೇಲಿಟ್ಟೆ. ಇದನ್ನು ನೋಡಿ ಇಬ್ಬರೂ ಕೂತು ಮಾತಾಡೋಣ ಎಂದು.

ಇವರು ಕನ್ನಡಕ ಹಾಕಿಕೊಂಡು, ಅದನ್ನು ಬೆಳಕಿಗೆ ಹಿಡಿದು, ಹಿಂಬದಿಯ ಅಕ್ಷರಗಳನ್ನು ಓದಿದರು. ಯಾವ ಕಾರ್ಖಾನೆಯದು, ಯಾಕೆ ಅಂಚು ಹೀಗಿದೆ ಎಂದೆಲ್ಲ ವಿವರಿಸಿದರು. ದನಿ ಪಾಠ ಹೇಳುವ ಮೇಷ್ಟ್ರದ್ದು. ಆಮೇಲೆ ನನ್ನ ಕಡೆ ತಿರುಗಿದರು.

‘ಎಲ್ಲಿ ಸಿಕ್ಕಿತು ನಿನಗೆ? ಇದನ್ನ ಹೀಗೆ ಮನೇಲಿ ಬಿಡಬಾರದು ಕಣೇ. ಮಗು ಬರುತ್ತೆ.’

ನಾನು ಗುಂಡನ್ನು ಮತ್ತೆ ಹೊಲಿಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಇವರು ಹಿತ್ತಲಿಗೆ ಹೋಗಿ ಗಿಡಗಳಿಗೆ ನೀರು ಬಿಡಲು ತೊಡಗಿದ ಮೇಲೆ ವ್ಯಾಪಾರಿಗೆ ಫೋನ್ ಮಾಡಿ, ನಮ್ಮ ಹೆಸರು ತೆಗೆದುಹಾಕಿ, ಇನ್ನು ಈ ಮನೆಗೆ ಫೋನ್ ಮಾಡಬೇಡಿ ಎಂದೆ. ಒಪ್ಪಿಗೆ ಸಿಕ್ಕ ಸುದ್ದಿ ಇವರ ಕಿವಿಗೆ ಹಾಕಬೇಡಿ ಎಂದು ಡಲ್ಲಾಸ್‌ನ ಗೆಳೆಯರಿಗೂ ಹೇಳಿದೆ. ಅವರು ಆಗಲಿ ವೈನಿ ಎಂದರು.

ಆದ್ದರಿಂದ ನಮ್ಮ ಮನೆಯಲ್ಲಿ ಆಮದಿನ ತಡೆ ಇನ್ನೂ ಜಾರಿಯಲ್ಲಿದೆ. ಏನಾಯಿತಂತೆ ಎಂದು ಇವರು ಕೇಳುತ್ತಾರೆ, ಇನ್ನೂ ಬಿಟ್ಟಿಲ್ಲವಂತೆ ಎನ್ನುತ್ತೇನೆ. ಈ ಸರ್ಕಾರಕ್ಕೆ ಬುದ್ಧಿಯಿಲ್ಲ ಎಂದು ರೇಗುತ್ತಾರೆ. ಒಂದು ದಿನ ಸುದ್ದಿಯನ್ನು ತಾವೇ ಓದಿಬಿಡುತ್ತಾರೆ ಎಂಬ ಹೆದರಿಕೆ ನನಗೆ. ಓದಿದರೂ ಸಂಜೆಯೊಳಗೆ ಮರೆಯಬಹುದು ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆ. ಈಗ ಇದನ್ನು ಬರೆಯುತ್ತಿರುವಾಗ ಮುಂದಿನ ಕೋಣೆಯಲ್ಲಿ ಕೂತು ಹೊಸ ಭಾಷಣ ಸಿದ್ಧ ಮಾಡುತ್ತಿದ್ದಾರೆ. ಮೊದಲ ಪುಟ ನನಗೆ ಕೊಟ್ಟಿದ್ದಾರೆ. ಕ್ಯಾಂಪಿನ ಬಂದೂಕಿನ ನಂಬರ್ ಸರಿಯಾಗಿದೆ. ಅಲ್ಪವಿರಾಮ ಎರಡು ಕಡೆ ತಪ್ಪಿದೆ, ತಿದ್ದಿ ಕೊಡಬೇಕು.