ಎಣ್ಣೆಯ ಬಣ್ಣ ಹೇಳಲು ಹೋದ ಭಾನುವಾರಗಳು

ನನ್ನ ಗಂಡ ಆಲೂರಿನಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದರು. ಪಂಪ್‌ಸೆಟ್ಟು, ಜೀಪು, ಸುಗ್ಗಿ ಬಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು, ಯಾವುದು ಬಂದರೂ ಬಿಚ್ಚಿ ಜೋಡಿಸುತ್ತಿದ್ದರು. ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದೆ. ವಾರವೆಲ್ಲ ಮೆಷಿನ್ ತುಳಿದು ಭಾನುವಾರ ಬಂತೆಂದರೆ ಕಾಲು ಚಾಚಿ ಮಲಗಿದರೆ ಸಾಕು ಅನ್ನಿಸುತ್ತಿತ್ತು. ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ ಕಳೆದ ಮೇಲೆ ಆ ಮಲಗುವುದೂ ತಪ್ಪಿತು. ಒಂದು ದೋಣಿಯ ದೆಸೆಯಿಂದ.

ಪಾಳ್ಯದ ಕಡೆಯ ಗೌಡರೊಬ್ಬರ ಜಮೀನು ಅಣೆಕಟ್ಟಿನ ಹಿನ್ನೀರು ಬಂದು ಎರಡು ಪಾಲಾಗಿತ್ತು. ಮನೆ, ಗದ್ದೆ ಈ ದಡದಲ್ಲಿ, ಕಾಫಿ ಮೆಣಸು ಆ ದಡದಲ್ಲಿ. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಆಳುಗಳ ಅರ್ಧ ದಿನ ದಾರಿಯಲ್ಲೇ ಕಳೆಯುತ್ತಿತ್ತು. ಅದಕ್ಕೆ ಅವರು ಮಂಗಳೂರಿನಿಂದ ಒಂದು ಹಳೆಯ ಮೋಟಾರ್ ದೋಣಿ ತಂದರು. ಇಂಜಿನ್ ದೋಣಿಯೊಳಗೇ ಹಿಂಬದಿಯಲ್ಲಿ ಕೂತಿತ್ತು. ಅಲ್ಲಿಂದ ಹೊರಗೆ, ನೀರಿಗೆ ಇಳಿದ ಹಾಗೆ ದಪ್ಪನೆಯ ಒಂದು ಕಾಲು, ಕಾಲಿನ ತುದಿಗೆ ನೀರು ತಳ್ಳುವ ಫ್ಯಾನು. ಕಾಲಿನ ಹೊಟ್ಟೆಯಲ್ಲಿ ಗೇರುಗಳು. ಅದನ್ನು ಎತ್ತಿ ಇಳಿಸಲು ಎರಡೂ ಪಕ್ಕಕ್ಕೆ ಜಾಕಿಯಂಥ ಕೊಳವೆಗಳು. ಗೌಡರು ಅದನ್ನು ಡ್ರೈವ್ ಎನ್ನುತ್ತಿದ್ದರು. ನನ್ನ ಗಂಡ ಕಾಲು ಎಂದೇ ಕರೆದರು.

ದೋಣಿ ನಿಂತಲ್ಲೆಲ್ಲ ನೀರಿನ ಮೇಲೆ ಎಣ್ಣೆ ತೇಲುತ್ತದೆ ಎಂದು ಗೌಡರು ಹೇಳಿಕಳಿಸಿದಾಗ ಮೊದಲ ಸಲ ಇವರೊಬ್ಬರೇ ಹೋದರು. ನೋಡಿ, ಕಪ್ಪು ಎಣ್ಣೆ, ಇಂಜಿನ್ನಿಂದಲೇ ಬರುತ್ತಿದೆ ಎಂದು ತೀರ್ಮಾನಿಸಿ, ಗ್ಯಾಸ್ಕೆಟ್ ಬದಲಿಸಿ ಬಂದರು. ಸ್ವಲ್ಪ ದಿನಕ್ಕೆ ಮತ್ತೆ ಹೇಳಿಕೆ ಬಂತು, ಎಣ್ಣೆ ಹಾಗೇ ತೇಲುತ್ತಿದೆ ಎಂದು. ಗೌಡರು ಬೈದಿರಲಿಲ್ಲ. ಆದರೂ ಇವರು ಆ ರಾತ್ರಿ ಕಲಸಿದ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಆಮೇಲೆ, ಭಾನುವಾರ ನೀನೂ ಬಾ, ಗೌಡರ ಮನೆಯವರು ಬ್ಲೌಸಿಗೆ ಅಳತೆ ಕೊಡಬೇಕಂತೆ ಎಂದರು.

ನಾನು ಟೇಪು ಚೀಲಕ್ಕೆ ಹಾಕಿಕೊಂಡು ಮೊಪೆಡ್ಡಿನ ಹಿಂದೆ ಕೂತೆ. ಸೊಂಟ ನೋಯುತ್ತಿತ್ತು. ಇವರು ಯಾವತ್ತೂ ಇಲ್ಲದಷ್ಟು ನಿಧಾನ ಓಡಿಸಿದರು. ಎದುರಿಗೆ ಬಸ್ಸು ಬಂದರೆ ರಸ್ತೆಯಿಂದ ಕೆಳಗಿಳಿಸಿ ನಿಲ್ಲಿಸಿಬಿಡುತ್ತಿದ್ದರು. ಗುಂಡಿಗಳನ್ನಂತೂ ಒಂದೂ ತಪ್ಪಿಸಲಿಲ್ಲ.

ಗೌಡರ ಹೆಂಡತಿ ಕಾಫಿ ಕೊಟ್ಟರು. ಅಳತೆಯ ಮಾತು ತೆಗೆದರೆ ಅವರಿಗೇ ಆಶ್ಚರ್ಯ. ತಾವು ಯಾರಿಗೂ ಏನೂ ಹೇಳಿರಲಿಲ್ಲವಂತೆ. ನನಗೆ ಸಿಟ್ಟು ಬಂತು. ಇದ್ದ ಒಂದು ಭಾನುವಾರವನ್ನೂ ಹೀಗೆ ಸುಳ್ಳು ಹೇಳಿ ಹಾಳುಮಾಡಬೇಕಿತ್ತೇ ಎಂದುಕೊಂಡು ಹಿನ್ನೀರಿನ ಕಡೆ ಇಳಿದೆ.

ದೋಣಿಯನ್ನು ಹಿಂದಿನ ದಿನವೇ ಟ್ರ್ಯಾಕ್ಟರಿನಲ್ಲಿ ದಡಕ್ಕೆ ಎಳೆಸಿದ್ದರು. ಇವರು ಹೇಳಿಕಳಿಸಿದ್ದಂತೆ ಕಾಲನ್ನು ಸೋಪು ನೀರಿನಲ್ಲಿ ತೊಳೆದು, ಒರೆಸಿ, ಕೆಳಗೆ ಹಳೆಯ ಪೇಪರ್ ಹಾಸಿ, ಹಾರದಂತೆ ಕಲ್ಲು ಹೇರಿದ್ದರು. ತೊಳೆಯದೆ ನೋಡಿದರೆ ಎಣ್ಣೆ ಎಲ್ಲೆಲ್ಲೋ ಹರಿದು ಎಲ್ಲಿಂದ ಹೊರಟಿತು ಎನ್ನುವುದೇ ತಿಳಿಯುವುದಿಲ್ಲ. ಒಣಗಿಸಿ ಬಿಟ್ಟರೆ ಹೊಸದಾಗಿ ಬಿದ್ದ ತೊಟ್ಟು ತನ್ನ ಜಾಗ ತಾನೇ ತೋರಿಸುತ್ತದೆ. ಪೇಪರಿನ ಮೇಲೆ ಎರಡು ಕಲೆ ಬಿದ್ದಿದ್ದವು. ಇವರು ಒಂದನ್ನು ಬೆರಳಲ್ಲಿ ಮುಟ್ಟಿ, ಉಜ್ಜಿ, ಮೂಸಿದರು. ತೆಳ್ಳಗಿದೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು.

"ಇದು ಏನ್ ಬಣ್ಣ ಐತೆ, ನೋಡು."

"ಕೆಂಪು," ಎಂದೆ.

"ಸರಿಯಾಗಿ ನೋಡು."

"ಕೆಂಪೇ ಕಣ್ರೀ. ಕುಂಕುಮ ಕಲಸಿದ ನೀರಿದ್ದಂಗೆ ಐತೆ."

ಅವರು ಪಕ್ಕದ ಕಲ್ಲಿನ ಮೇಲೆ ಕೂತರು. ಕೈಯೊರೆಸುವ ಬಟ್ಟೆಯನ್ನು ಮಡಿಸಿದರು, ಬಿಡಿಸಿದರು.

"ನಂಗೆ ಕಪ್ಪಗೇ ಕಾಣ್ತೈತೆ," ಎಂದರು.

ಬಂದ ಸಿಟ್ಟು ಎಲ್ಲಿ ಹೋಯಿತೋ. ನಾನೂ ಅಲ್ಲೇ ನೆಲಕ್ಕೆ ಕೂತೆ. ಯಾವಾಗಿನಿಂದ ಎಂದು ಕೇಳಿದ್ದಕ್ಕೆ ಹೋದ ಸುಗ್ಗಿಯಿಂದ ಎಂದರು. ಎಲ್ಲ ಹೊಗೆಯೊಳಗೆ ಕಂಡಂತೆ ಕಾಣುತ್ತದಂತೆ, ಬಿಸಿಲಿದ್ದರೆ ಇನ್ನೂ ಕಷ್ಟವಂತೆ. ಮೆಕ್ಯಾನಿಕ್ಕಿಗೆ ಕಣ್ಣು ಕಾಣದು ಎಂದು ಊರಿಗೆ ಗೊತ್ತಾದರೆ ಯಾರು ಗಾಡಿ ರಿಪೇರಿಗೆ ಬಿಟ್ಟಾರು ಎಂಬ ಹೆದರಿಕೆ. ನನಗೂ ಅದೇ ಹೆದರಿಕೆ ಹತ್ತಿತು. ಹೊಲಿಗೆಯೊಂದರಲ್ಲೇ ಮನೆ ನಡೆಯುತ್ತಿರಲಿಲ್ಲ.

ಆದರೂ ಎದ್ದು ಕೆಲಸಕ್ಕೆ ನಿಂತೆವು. ಬಣ್ಣ ತಿಳಿದ ಮೇಲೆ ಇವರಿಗೆ ಉಳಿದದ್ದು ಸುಲಭವಾಯಿತು. ಕೆಂಪು ಎಣ್ಣೆ ಕಾಲನ್ನು ಎತ್ತುವ ಜಾಕಿಯದು. ಅದರ ರಬ್ಬರ್ ಪೈಪನ್ನು ಬೆರಳಲ್ಲೇ ತಡವಿಕೊಂಡು ಹೋಗಿ, ಕಬ್ಬಿಣದ ಅಂಚಿಗೆ ಉಜ್ಜಿ ಸವೆದ ಜಾಗ ಹಿಡಿದರು. ಇನ್ನೊಂದು ಕಲೆ ಫ್ಯಾನಿನ ನೇರ ಕೆಳಗಿತ್ತು, ಮಂದವಾಗಿತ್ತು, ಗೇರ್ ಎಣ್ಣೆಯ ನಾತ ಬರುತ್ತಿತ್ತು. ಕಾಲಿನ ಬುಡದ ಸ್ಕ್ರೂ ಸ್ವಲ್ಪ ಸಡಿಲಿಸಿ ತಟ್ಟೆಗೆ ಎಣ್ಣೆ ಇಳಿಸಿದರು. ಇದು ಹೆಂಗೈತೆ ಎಂದು ಕೇಳಿದರು. ಹಾಲು ಜಾಸ್ತಿಯಾದ ಕಾಫಿಯ ಹಾಗಿದೆ ಎಂದೆ. ಹಾಗಾದರೆ ಎಣ್ಣೆ ಹೊರಗೆ ಬರುವ ದಾರಿಯಲ್ಲೇ ನೀರು ಒಳಗೆ ಹೋಗಿದೆ, ಇನ್ನು ಸ್ವಲ್ಪ ದಿನ ಓಡಿಸಿದ್ದರೆ ಗೇರು ಹಲ್ಲು ಕಳೆದುಕೊಳ್ಳುತ್ತಿತ್ತು ಎಂದರು. ಎಣ್ಣೆಯನ್ನೆಲ್ಲ ಇಳಿಸಿ, ಸೈಕಲ್ ಪಂಪಿನಲ್ಲಿ ಕಾಲಿನೊಳಕ್ಕೆ ಮೆಲ್ಲಗೆ ಗಾಳಿ ಕೊಟ್ಟರು. ನಾನು ಸೋಪಿನ ನೊರೆ ಹಚ್ಚಿ, ಪಂಚರ್ ಅಂಗಡಿಯಲ್ಲಿ ನೋಡಿದ ಹಾಗೆ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡಿದೆ. ಫ್ಯಾನಿನ ಹಿಂದೆ ಎದ್ದಿತು. ಫ್ಯಾನು ಬಿಚ್ಚಿದರೆ ಮೀನಿನ ಬಲೆಯ ನೈಲಾನ್ ದಾರ ಸುತ್ತಿ ಸುತ್ತಿ, ಒಳಗೆ ಎಣ್ಣೆ ತಡೆಯುವ ರಬ್ಬರ್ ಸೀಲನ್ನು ಕೊಯ್ದುಹಾಕಿತ್ತು. ಅದನ್ನು ಬಿಡಿಸುವುದು ನನ್ನ ಪಾಲಿಗೆ ಬಂತು. ಕತ್ತರಿ ತುದಿಯಲ್ಲಿ ಎಳೆ ಎಳೆಯಾಗಿ ತೆಗೆಯುವಾಗ ನನ್ನ ಕಣ್ಣಲ್ಲೂ ನೀರು ಸುರಿಯಿತು, ಬಿಸಿಲಿಗೆ.

ಗೌಡರು ನೋಡಲು ಬಂದರು. ಇವರು, ತಾವು ಮೊದಲು ಇಂಜಿನ್ನಿನ ಎಣ್ಣೆ ಎಂದದ್ದು ತಪ್ಪೆಂದೂ, ಕಣ್ಣು ಮಂಜಾಗಿದೆಯೆಂದೂ, ಇವತ್ತು ನೋಡಿದವಳು ನಾನೆಂದೂ ಒಂದೇ ಉಸಿರಿಗೆ ಹೇಳಿಬಿಟ್ಟರು. ಗೌಡರು ದಾರದ ಉಂಡೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಮೊದ್ಲು ಕಣ್ಣು ತೋರ್ಸು ಮಾರಾಯ. ದೋಣಿ ಎಲ್ಲಿಗೋಯ್ತದೆ," ಎಂದರು. ಆಮೇಲೆ ಊಟಕ್ಕೆ ಕರೆದರು.

ಸೀಲು, ಪೈಪು ಮಂಗಳೂರಿನಿಂದ ಬರುವವರೆಗೆ ಕಾದು, ಇನ್ನೆರಡು ಭಾನುವಾರ ಹೋಗಿ ಕೂರಿಸಿ ಬಂದೆವು. ನೀರಿಗಿಳಿಸಿದ ದಿನ ದೋಣಿಯ ಹಿಂದೆ ಎಣ್ಣೆ ತೇಲಲಿಲ್ಲ. ಖುಷಿಪಡುವಷ್ಟು ತ್ರಾಣ ಇಬ್ಬರಿಗೂ ಇರಲಿಲ್ಲ. ಬರುವಾಗ ಮೊಪೆಡ್ ತಳ್ಳಿಕೊಂಡೇ ಟಾರು ರಸ್ತೆಯವರೆಗೆ ನಡೆದೆವು. ಅಲ್ಲಿಂದ ಎದುರಿಗೆ ಏನಾದರೂ ಬಂದರೆ ನಾನು ಹಿಂದಿನಿಂದ ಹೇಳುತ್ತಿದ್ದೆ.

ಹಾಸನದಲ್ಲಿ ಕಣ್ಣಿನ ಪೊರೆ ತೆಗೆಸಿದರು. ಒಂದು ಕಣ್ಣು ಚೆನ್ನಾಗಿ ಬಂತು, ಇನ್ನೊಂದು ಅರ್ಧಕ್ಕೆ ನಿಂತಿತು. ಗಿರಾಕಿಗಳು ಕೆಲವರು ಬೇರೆ ಕಡೆ ಹೋದರು, ಹೆಚ್ಚಿನವರು ಉಳಿದರು. ಬೇಸಿಗೆಯಲ್ಲಿ ಹಿನ್ನೀರು ಇಳಿದು ದಡವೆಲ್ಲ ಕೆಸರಾದಾಗ ಗೌಡರು ದೋಣಿಯ ಸಹವಾಸ ಸಾಕೆಂದು ಅದನ್ನು ಮಾರಿ, ಜೀಪಿನಲ್ಲೇ ಸುತ್ತಿಕೊಂಡು ಹೋಗತೊಡಗಿದರು. ಇವರಿಗೆ ಅದೊಂದು ಸ್ವಲ್ಪ ಬೇಜಾರಾಯಿತು. ನಾನು ಭಾನುವಾರ ಊಟವಾದ ಮೇಲೆ ಬಾಗಿಲು ಮುಂದಕ್ಕೆ ಮಾಡಿ ಮಲಗುತ್ತಿದ್ದೆ.